ಅಕ್ಕೋರ ಗಾಡಿ ಏರು ಹತ್ತದ ದಿನ

ನಿಮ್ಮ ಮನೆಯ ಗಾಡಿ ನಡುದಾರಿಯಲ್ಲಿ ನಿಂತಾಗ ನೀವು ಮೊದಲು ನೋಡುವುದು ಬಾನೆಟ್ಟಿನ ಕಡೆಗೋ, ಸ್ಟೇರಿಂಗು ಹಿಡಿದವರ ಮುಖದ ಕಡೆಗೋ? ಹಿಡಿದವರು ಹೆಂಗಸಾಗಿದ್ದರೆ ನಿಮ್ಮ ಉತ್ತರ ಬದಲಾಗುತ್ತದೆಯೇ? ಈ ಪ್ರಶ್ನೆಯನ್ನು ನಾನು ಹಿಂದೆ ಅನೇಕ ವೇದಿಕೆಗಳಲ್ಲಿ ಕೇಳಿದ್ದೇನೆ, ಚಪ್ಪಾಳೆಯನ್ನೂ ಪಡೆದಿದ್ದೇನೆ. ಇಂದು ಬರೆಯುವಾಗ ಮಾತ್ರ ಕೈ ಅಷ್ಟು ಸರಾಗವಾಗಿ ಸಾಗುತ್ತಿಲ್ಲ.

ಕಳೆದ ವಾರ ಶಿರಸಿಯ ಗ್ಯಾರೇಜೊಂದರ ಮುಂದೆ ಸ್ಕೂಟರಿಗೆ ಪಂಕ್ಚರ್ ಹಾಕಿಸುತ್ತ ನಿಂತಿದ್ದೆ. ಒಳಗೆ ಯಾವುದೋ ಕಾರಿನ ಕೆಳಗಿಂದ ಹಳೆಯ ಎಣ್ಣೆಯನ್ನು ಬಾಣಲೆಯಂಥ ತಟ್ಟೆಗೆ ಇಳಿಸುತ್ತಿದ್ದರು. ಗಾಳಿ ಈಚೆ ತಿರುಗಿದ್ದೇ, ಒಗ್ಗರಣೆ ಸೀದು ಅದರೊಳಗೆ ರಬ್ಬರೂ ಸುಟ್ಟಂಥ ಒಂದು ವಾಸನೆ ಮೂಗಿಗೆ ಬಡಿಯಿತು. ಕೂಡಲೇ ಯಲ್ಲಾಪುರದ ಹೆದ್ದಾರಿ, ಲಾರಿಗಳ ಸಾಲು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಎಡಗಾಲನ್ನು ಕೈಯಿಂದ ಎತ್ತಿಟ್ಟುಕೊಂಡು ಕುಳಿತಿದ್ದ ಅಕ್ಕೋರು… ಪಂಕ್ಚರ್ ಹಾಕುತ್ತಿದ್ದವನು ನನ್ನನ್ನು ಎರಡು ಸಲ ಕರೆದನಂತೆ. ನನಗೆ ಕೇಳಿಸಲಿಲ್ಲ.

ಅಕ್ಕೋರು ನನಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ಚರ್ಚಾಸ್ಪರ್ಧೆಗೆ ನನ್ನನ್ನು ಮೊದಲು ನಿಲ್ಲಿಸಿದವರೂ ಅವರೇ. ಅವರ ತವರು ಸಿದ್ದಾಪುರ ತಾಲ್ಲೂಕಿನ ಮನ್ಮನೆ. ವಾಸ ಶಿರಸಿಯಲ್ಲಿ, ಒಬ್ಬರೇ. ಚಿಕ್ಕಂದಿನ ಪೋಲಿಯೋದಿಂದ ಎಡಗಾಲು ಸೊರಗಿತ್ತು. ನೌಕರಿಯ ಉದ್ದಕ್ಕೂ ಬಸ್ಸಿನ ಮೆಟ್ಟಿಲು ಹತ್ತಲು ಯಾರಾದರೊಬ್ಬರ ತೋಳು ಬೇಕಾಗಿತ್ತು. ಅದರ ಬಗ್ಗೆ ಅವರು ಎಂದೂ ದೂರಿದ್ದಿಲ್ಲ. ಆದರೆ ನಿವೃತ್ತಿಯಾದ ವರ್ಷವೇ ಹುಬ್ಬಳ್ಳಿಗೆ ಹೋಗಿ ಒಂದು ಹಳೆಯ ಆಟೋಮ್ಯಾಟಿಕ್ ಕಾರು ಕೊಂಡುತಂದರು. ಕ್ಲಚ್ಚು ತುಳಿಯುವ ಕೆಲಸವಿಲ್ಲ, ಎಡಗಾಲು ಸುಮ್ಮನಿದ್ದರೆ ಸಾಕು, ಗೇರನ್ನು ಗಾಡಿಯೇ ಬದಲಿಸಿಕೊಳ್ಳುತ್ತದೆ. ಆಗ ನಮ್ಮ ಸೀಮೆಯಲ್ಲಿ ಅಂಥ ಗಾಡಿಗಳು ಅಪರೂಪ. ಊರಿನವರು ಅದನ್ನು 'ಅಕ್ಕೋರ ಗೇರಿಲ್ಲದ ಗಾಡಿ' ಎಂದು ಕರೆದರು.

ಓಡಿಸಲು ಕಲಿಸಿದವರು ಅವರ ತಮ್ಮ. ಮನ್ಮನೆಯಲ್ಲಿ ತೋಟ ನೋಡಿಕೊಂಡಿದ್ದ ಅವರು ಜೀಪು ಓಡಿಸುವುದರಲ್ಲಿ ಪಳಗಿದವರು. ನಮ್ಮ ಕಡೆಯ ರಸ್ತೆಗಳು ನಿಮಗೆ ಗೊತ್ತೇ ಇವೆ. ಒಂದು ಏರು, ಒಂದು ಇಳುಕಲು, ಮತ್ತೆ ಏರು. ಇಳುಕಲು ಬಂದ ಕೂಡಲೇ ಗೇರನ್ನು ನ್ಯೂಟ್ರಲಿಗೆ ತಳ್ಳಿ, ಎಂಜಿನ್ನಿಗೆ ಕೆಲಸ ಕೊಡದೆ ಗಾಡಿಯನ್ನು ಜಾರಲು ಬಿಡುವುದು ಇಲ್ಲಿಯ ಪರಂಪರೆ. ಜೀಪಿನವರು, ಟೆಂಪೋದವರು, ಮದುವೆ ದಿಬ್ಬಣದ ವ್ಯಾನಿನವರು, ಎಲ್ಲರೂ ಹಾಗೆಯೇ. "ಇಳುಕಲಲ್ಲಿ ಪೆಟ್ರೋಲ್ ಸುಟ್ಟವ ಡ್ರೈವರೇ ಅಲ್ಲ ಅಕ್ಕಾ" ಎಂಬುದು ತಮ್ಮನವರು ಹೇಳಿಕೊಟ್ಟ ಮೊದಲ ಪಾಠ. ಅಕ್ಕೋರು ಶ್ರದ್ಧೆಯ ವಿದ್ಯಾರ್ಥಿನಿ. ಹೆಗ್ಗರಣೆಯ ಕಡೆ ಹೋಗುವಾಗ ಪ್ರತಿ ಇಳುಕಲಿನಲ್ಲೂ ಗೇರಿನ ಸನ್ನೆಕೋಲನ್ನು ಮೆಲ್ಲಗೆ ಮುಂದೂಡಿ ನ್ಯೂಟ್ರಲಿಗೆ ಹಾಕಿ, ತಗ್ಗು ಮುಗಿದದ್ದೇ ಅದೇ ವೇಗದಲ್ಲಿ ಮತ್ತೆ ಓಡುವ ಗೇರಾದ 'ಡಿ'ಗೆ ಎಳೆಯುತ್ತಿದ್ದ ಅವರ ಕೈಚಳಕವನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ, ಮೆಚ್ಚಿದ್ದೇನೆ ಕೂಡ.

ನಾನು ಆಗ ತಾಲ್ಲೂಕುಗಳನ್ನು ಸುತ್ತಿ ಸ್ತ್ರೀಸಮಾನತೆಯ ಕುರಿತು ಮಾತನಾಡುತ್ತಿದ್ದ ಕಾಲ. ನನ್ನ ಭಾಷಣಗಳಲ್ಲಿ ಅಕ್ಕೋರು ತಪ್ಪದೆ ಬರುತ್ತಿದ್ದರು. "ಒಂದು ಕಾಲಿನ ಬಲವಿಲ್ಲದ ನಿವೃತ್ತ ಶಿಕ್ಷಕಿ ಏಕಾಂಗಿಯಾಗಿ ಉಂಚಳ್ಳಿಯ ತಿರುವುಗಳನ್ನು ದಾಟಬಲ್ಲರಾದರೆ, ಸಭಿಕರೇ, ನಿಮ್ಮ ಮಗಳಿಗೆ ಕೀಲಿ ಕೊಡಲು ನಿಮಗಿರುವ ಅಡ್ಡಿಯಾದರೂ ಯಾವುದು?" ಇಡಗುಂದಿಯಲ್ಲಿ ಮಹಿಳೆಯರ ಸಭೆಯೊಂದು ಏರ್ಪಾಡಾದಾಗ, ಬಸ್ಸಿಗೆ ಹೋಗಬಹುದಾಗಿದ್ದ ನಾನು ಅಕ್ಕೋರನ್ನೇ ಕೇಳಿಕೊಂಡೆ. ಅವರು ತಾವೇ ಗಾಡಿ ಓಡಿಸಿಕೊಂಡು ಬಂದು ಸಭೆಯ ಮುಂದೆ ಇಳಿಯುವ ದೃಶ್ಯ ನನ್ನ ಭಾಷಣದ ಪೀಠಿಕೆಯಾಗಬೇಕೆಂಬುದು ನನ್ನ ಎಣಿಕೆ. ಅಕ್ಕೋರು ಒಂದು ಗಳಿಗೆ ಯೋಚಿಸಿ ಒಪ್ಪಿದರು. ಮರಳುವಾಗ ಯಲ್ಲಾಪುರದಲ್ಲಿ ಏನೋ ಕೆಲಸವಿದ್ದ ತಮ್ಮನವರೂ ಜೊತೆಗೆ ಹೊರಟರು.

ಯಲ್ಲಾಪುರ ದಾಟಿದ ಮೇಲೆ ಒಂದು ಏರು. ಎಂಜಿನ್ನು ಒಮ್ಮೆಲೇ ಕಿರುಚಿಕೊಂಡಿತು. ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಯಾರೋ ಬಾಯಿತುಂಬ ಕೂಗುತ್ತಿದ್ದಾರೆ, ಕಾಲು ಮಾತ್ರ ಎತ್ತುತ್ತಿಲ್ಲ ಎಂಬ ಹಾಗೆ.

"ಅಕ್ಕಾ, ಎಂತ ಮಾಡ್ತಾ ಇದ್ದೆ? ಒತ್ತು, ಆಕ್ಸಿಲರೇಟರ್ ಒತ್ತು!"

"ಒತ್ತತಾನೇ ಇದ್ದಿ ಮಾರಾಯಾ. ಹೋಗ್ತಿಲ್ಲೆ."

ಹಿಂದಿನಿಂದ ಬಂದ ಬೈಕಿನವನೊಬ್ಬ ನಮ್ಮನ್ನು ದಾಟುವಾಗ ಒಳಗೆ ಬಗ್ಗಿ ನೋಡಿ, "ಡ್ರೈವರ್ ಬದ್ಲಿ ಮಾಡ್ರೀ!" ಎಂದು ಕೂಗಿ ಹೋದ. ಅಕ್ಕೋರ ಕಿವಿಯ ತುದಿ ಕೆಂಪಾದದ್ದು ಹಿಂದಿನ ಸೀಟಿನಲ್ಲಿದ್ದ ನನಗೆ ಕಾಣಿಸಿತು. ಅವರು ಇಳಿದು ಜಾಗ ಬಿಟ್ಟುಕೊಟ್ಟರು. ತಮ್ಮನವರು ಕುಳಿತು ಒತ್ತಿದರು. ಅದೇ ಕಿರುಚಾಟ, ಅದೇ ನಿಲುಗಡೆ. ಹ್ಯಾಂಡ್‌ಬ್ರೇಕು ಎಳೆಯುವಷ್ಟರಲ್ಲಿ ಗಾಡಿ ಹಿಂದಕ್ಕೂ ಜಾರಿತು. ರಸ್ತೆಯ ಬದಿಗೆ ನಿಂತಿದ್ದ ಅಕ್ಕೋರು ಆಗ ನಕ್ಕರು. ಅಂಥ ನಗು ನಾನು ಅವರಲ್ಲಿ ಮತ್ತೆ ಕಾಣಲಿಲ್ಲ. "ನಿಂಗೂ ಬತ್ತಿಲ್ಲೆ ಅಲ್ದನೋ ತಮಾ!" ಎಂದರು. ತಪ್ಪು ತನ್ನದಲ್ಲ, ಗಾಡಿಯದು ಎಂಬ ಸಮಾಧಾನ ಅದರಲ್ಲಿತ್ತು. ನಾನಂತೂ ಅದನ್ನು ಆ ಕ್ಷಣವೇ ನಮ್ಮ ಪಕ್ಷದ ವಿಜಯವೆಂದು ದಾಖಲಿಸಿಕೊಂಡೆ.

ಸ್ವಲ್ಪ ಹೊತ್ತು ಆರಲು ಬಿಟ್ಟು ಸ್ಟಾರ್ಟ್ ಮಾಡಿದರೆ ಗಾಡಿ ಸಮತಟ್ಟಿನಲ್ಲಿ ಹೇಗೋ ತೆವಳುತ್ತಿತ್ತು. ತೆವಳಿಸಿಕೊಂಡೇ ಯಲ್ಲಾಪುರಕ್ಕೆ ಮರಳಿದೆವು. ಇಡಗುಂದಿಯ ಸಭೆ ನಮ್ಮನ್ನು ಬಿಟ್ಟೇ ನಡೆಯಿತು.

ಹೆದ್ದಾರಿಯ ಬದಿಯ ಆ ಗ್ಯಾರೇಜಿನ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಲಾರಿಗಳ ನಡುವೆಯೇ ಬೆಳೆದ ದೊಡ್ಡ ಗಂಟಲಿನ ಮನುಷ್ಯ. ನಮ್ಮ ಗಾಡಿಯ ಒಳಗೆ ಇಣುಕಿ, ಎರಡೇ ಪೆಡಲು ಕಂಡು, "ಅರೆ, ಇದರದ್ದು ಒಂದು ಯಾರು ಕದ್ದರು?" ಎಂದು ಅಕ್ಕೋರನ್ನು ನಗಿಸಲು ನೋಡಿದರು. ಬ್ರೇಕು ತುಳಿದು ಹಿಡಿದು ನ್ಯೂಟ್ರಲಿನಿಂದ 'ಡಿ'ಗೆ ಹಾಕಿದರು. ಗಾಡಿ ಕೂಡಲೇ ಮುಂದಕ್ಕೆ ಜಗ್ಗಬೇಕು. ಅದು ತಡೆದು, ನಿದ್ದೆಯಿಂದ ಎದ್ದ ಹಾಗೆ, ಧಡ್ ಎಂದು ಒಮ್ಮೆ ಅದುರಿತು. ಉಸ್ತಾದರು ಬಾಗಿಲು ತೆರೆದು ಕೆಳಗಿಳಿದು ತಲೆ ಕೆರೆದುಕೊಂಡರು. "ಲಾರಿ ಆಗಿದ್ರೆ ಕ್ಲಚ್ ಪ್ಲೇಟ್ ಹೋಗಿದೆ ಅಂತ ಕಣ್ಣು ಮುಚ್ಚಿ ಹೇಳ್ತಿದ್ದೆ. ಇದು ನಮ್ದು ಲೈನ್ ಅಲ್ಲ. ತಡೀರಿ, ನಮ್ಮ ಕಾಕಾನ ಮಗ ಹುಬ್ಬಳ್ಳಿಯಲ್ಲಿ ಇದನ್ನೇ ಮಾಡ್ತಾನೆ."

ಫೋನನ್ನು ಸ್ಪೀಕರಿಗೆ ಹಾಕಿ ಬಾನೆಟ್ಟಿನ ಅಂಚಿನಲ್ಲಿಟ್ಟರು. ಅತ್ತ ಕಡೆಯಿಂದ ಹುಬ್ಬಳ್ಳಿಯ ದನಿ ಬಂತು: "ಎಣ್ಣಿ ನೋಡೀಯೇನು? ಎಂಜಿನ್ ಬಂದ್ ಮಾಡಿ ನೋಡಬ್ಯಾಡೋ ಭಾಯ್, ಚಾಲೂ ಇಟ್ಟು, ಬಿಸಿ ಇದ್ದಾಗ್ಲೇ ಕಡ್ಡಿ ಎಳದು ನೋಡು." ಉಸ್ತಾದರು ಅಳತೆಯ ಕಡ್ಡಿಯನ್ನು ಎಳೆದು ಬಿಳಿಯ ಬಟ್ಟೆಗೆ ಒರೆಸಿದರು. ಗೇರುಪೆಟ್ಟಿಗೆಯ ಆ ಎಣ್ಣೆ ಹೊಸದಾಗಿದ್ದಾಗ ಮುರುಗಲ ಪಾನಕದ ಹಾಗೆ ಕೆಂಪಗಿರುತ್ತದಂತೆ. ಬಟ್ಟೆಯ ಮೇಲೆ ಮೂಡಿದ್ದು ಕಾಫಿಯ ಡಿಕಾಕ್ಷನ್ನಿನ ಕಲೆ. ವಾಸನೆಯೂ ಅಷ್ಟೇ… ನಾನು ಮೊದಲೇ ಹೇಳಿದ ಆ ಸೀದ ವಾಸನೆ. ಎಣ್ಣೆ ಕಡಿಮೆಯಾಗಿದ್ದರೆ ತುಂಬಿಸಿ ಬಚಾವಾಗಬಹುದಿತ್ತು. ಆದರೆ ಅಳತೆ ಸರಿಯಾಗಿಯೇ ಇತ್ತು. ಸೋರಿಕೆ ಎಲ್ಲಿಯೂ ಇರಲಿಲ್ಲ. ಹಾಗಾದರೆ ಗೇರುಪೆಟ್ಟಿಗೆಯ ಒಳಗಿನ ಪ್ಲೇಟುಗಳೇ ಸುಟ್ಟು ಹಿಡಿತ ಕಳೆದುಕೊಂಡಿವೆ, ಬಿಸಿಯಾದಂತೆ ಹೆಚ್ಚು ಜಾರುತ್ತವೆ ಎಂದು ಹುಬ್ಬಳ್ಳಿಯ ದನಿ ಹೇಳಿತು. ಬಿಚ್ಚಿ ಹೊಸದು ಹಾಕಬೇಕು. "ಆದ್ರ ಯಾಕ ಸುಟ್ಟಾವು ಅಂತ ತಿಳೀಬೇಕ. ಇಲ್ಲಾಂದ್ರ ಹೊಸಾವೂ ಸುಡ್ತಾವ."

ಅಕ್ಕೋರ ತಮ್ಮ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಹೆಂಗಸ್ರ ಕೈ ನೋಡಿ, ಒಂದೊಂದ್ಸಲ ಬ್ರೇಕೂ ಆಕ್ಸಿಲರೇಟರೂ ಒಟ್ಟಿಗೇ ಒತ್ತಿರ್ತಾರೆ" ಎಂದರು.

ನನಗೆ ಅಷ್ಟೇ ಸಾಕಾಯಿತು. ನಾನು ಎದ್ದುನಿಂತೆ. ಗ್ಯಾರೇಜು ಸಭಾಂಗಣವಾಯಿತು. ಮೊದಲ ಮಾಲೀಕ ಕೆಟ್ಟ ಗಾಡಿಯನ್ನು ಮಾರಿ ಮೋಸಮಾಡಿರಬಹುದಲ್ಲ ಎಂದೆ. ನಮ್ಮ ಏರುಗಳಿಗೆ ಈ ಯಂತ್ರ ತಕ್ಕುದೇ ಅಲ್ಲದಿರಬಹುದು ಎಂದೆ. ತಮ್ಮನವರು ಕುಳಿತಾಗಲೂ ಗಾಡಿ ಏರಲಿಲ್ಲವೆಂಬ ಪ್ರತ್ಯಕ್ಷ ಪ್ರಮಾಣವಿರುವಾಗ, ದೋಷವನ್ನು ಹೆಣ್ಣಿನ ಕೈಗೆ ಆರೋಪಿಸುವುದು ತರ್ಕವಲ್ಲ, ಪೂರ್ವಗ್ರಹ ಎಂದೆ. ಪುರುಷನ ಕೈಯಲ್ಲಿ ಗಾಡಿ ಕೆಟ್ಟರೆ ಗಾಡಿ ಕೆಟ್ಟಿತು ಎನ್ನುವ ಸಮಾಜ… ಎಂದು ಆರಂಭಿಸಿದ ವಾಕ್ಯ ಎಲ್ಲಿಗೆ ಹೋಗಿ ಮುಟ್ಟಿತೋ ನೆನಪಿಲ್ಲ. ಪಕ್ಕದ ಲಾರಿಯ ಕ್ಲೀನರು ಚಹಾದ ಲೋಟ ಹಿಡಿದು ಬಂದು ನಿಂತ.

"ವಕೀಲ್ ಸಾಹೇಬ್ರೆ," ಎಂದರು ಉಸ್ತಾದರು, "ನೀವು ಗೆದ್ರಿ. ಆದ್ರೆ ಗೇರ್ ಬಾಕ್ಸ್ ಕೋರ್ಟಿಗೆ ಬರಲ್ಲ. ನಮಗೆ ಸ್ವಲ್ಪ ಫೋನ್ ಕೇಳೋಕೆ ಬಿಡ್ತೀರಾ?"

ಎಲ್ಲರೂ ನಕ್ಕರು. ಅಕ್ಕೋರು ನಗಲಿಲ್ಲ. ನನ್ನ ಒಂದೊಂದು ವಾಕ್ಯಕ್ಕೂ ಅವರ ಮುಖ ಇನ್ನಷ್ಟು ಕೆಳಗಿಳಿದಿತ್ತು. ಅದನ್ನು ನಾನು ಗಮನಿಸಲಿಲ್ಲವೆಂದಲ್ಲ. ಅವಮಾನಿತ ಮಹಿಳೆಯ ನೋವೆಂದು ಅರ್ಥೈಸಿಕೊಂಡು ದನಿಯನ್ನು ಮತ್ತಷ್ಟು ಏರಿಸಿದ್ದೆ.

ಫೋನು ಕೇಳಿತು: "ಉತಾರದಾಗ, ಇಳಕಲಿನಾಗ, ನ್ಯೂಟ್ರಲ್ ಹಾಕ್ತಾರೇನು, ಅದನ್ನ ಕೇಳ್ರಿ. ಜೋರು ಹೋಗೋವಾಗ ನ್ಯೂಟ್ರಲ್ಲಿಂದ ವಾಪಸ್ 'ಡಿ'ಗೆ ಜಗ್ಗಿದ್ರ ಪ್ರತಿ ಸರ್ತಿ ಪ್ಲೇಟ್ ಉಜ್ಜಿ ಸುಡ್ತಾವ. ನಿಮ್ಮ ಘಟ್ಟದ ಮ್ಯಾಲಿನ ಮಂದಿಗೆ ಆ ಚಟ ಭಾಳ."

ಆ ಗಾಡಿಯಲ್ಲಿ ಬಂದ ಮೂವರಿಗೂ ಉತ್ತರ ಗೊತ್ತಿತ್ತು. ಅದರಿಂದ ಹಾನಿಯಿದೆ ಎಂಬುದು ಮಾತ್ರ ಆ ಗಳಿಗೆಯ ತನಕ ಒಬ್ಬರಿಗೂ ಗೊತ್ತಿರಲಿಲ್ಲ.

"ಛೆ ಛೆ, ಆಟೋಮ್ಯಾಟಿಕ್ಕಿಗೆ ಯಾರು ನ್ಯೂಟ್ರಲ್ ಹಾಕ್ತಾರೆ!" ಎಂದು ತಮ್ಮನವರು ಲಾರಿಗಳ ಕಡೆ ತಿರುಗಿದರು.

ಅಕ್ಕೋರು ತಮ್ಮನ ಬೆನ್ನನ್ನು ಒಮ್ಮೆ ನೋಡಿದರು. ಆಮೇಲೆ ಫೋನಿನ ಕಡೆ ಬಾಗಿ, ತರಗತಿಯಲ್ಲಿ ಹಾಜರಿ ಹೇಳುವ ವಿದ್ಯಾರ್ಥಿನಿಯಂತೆ ಸ್ಪಷ್ಟವಾಗಿ ಹೇಳಿದರು: "ಹಾಕ್ತೇನೆ. ನಾನೇ ಹಾಕೋದು. ಪ್ರತಿ ಇಳುಕಲಲ್ಲೂ."

"ಯಾರು ಕಲಿಸಿದ್ದು ಅಕ್ಕೋರೆ ನಿಮಗೆ ಇದನ್ನ?" ಎಂದರು ಉಸ್ತಾದರು.

"ರಸ್ತೆಯಲ್ಲಿ ಎಲ್ಲರನ್ನೂ ನೋಡಿ ಕಲಿತೆ."

ಉಸ್ತಾದರು ಅಕ್ಕೋರನ್ನೂ ಅವರ ತಮ್ಮನನ್ನೂ ನೋಡಿ, ಚಹಾದ ಲೋಟವೊಂದನ್ನು ಮುಂದೆ ಹಿಡಿದರು. "ಸಾವ್ಕಾರ್ರೆ, ಚಾ ತಗೊಳ್ಳಿ. ಭಾಳ ಬೆವರಿದ್ರಿ."

ತಮ್ಮನವರು ಲೋಟ ಹಿಡಿದುಕೊಂಡರು, ಕುಡಿಯಲಿಲ್ಲ. ಇನ್ನು ನಾನು? ಅಷ್ಟು ಹೊತ್ತು ಮಾತಿನ ಮಳೆ ಸುರಿಸಿದ್ದ ನನಗೆ, ಆಗ ಆಡಬೇಕಾಗಿದ್ದ ಒಂದೇ ಒಂದು ನಿಜದ ವಾಕ್ಯ ಬಾಯಿಗೆ ಬರಲಿಲ್ಲ. ಅವರಿಗೆ ಹಾಗೆ ಕಲಿಸಿದವರು ನಾವೇ, ಮೆಚ್ಚಿದವರೂ ನಾವೇ… ಅಷ್ಟೇ ಸಾಕಿತ್ತು.

ಗಾಡಿಯನ್ನು ಅಲ್ಲಿಯೇ ಬಿಟ್ಟು ಬಸ್ಸಿಗೆ ಶಿರಸಿಗೆ ಹೊರಟೆವು. ಮೆಟ್ಟಿಲು ಹತ್ತಲು ಅಕ್ಕೋರಿಗೆ ನನ್ನ ತೋಳು ಬೇಕಾಯಿತು. ತಮ್ಮನವರು ಮುಂದೆಲ್ಲೋ ಕುಳಿತರು. ಅರ್ಧ ದಾರಿ ಕಳೆದ ಮೇಲೆ ಅಕ್ಕೋರು, ಇನ್ನೂ ಶಾಲೆಯ ಹುಡುಗನೆಂಬಂತೆ ನನ್ನನ್ನು ಕರೆದು, ಕಿಟಕಿಯ ಕಡೆಗೆ ನೋಡುತ್ತಲೇ ಹೇಳಿದರು:

"ಮಾಣಿ, ಎಣ್ಣೆ ವಾಸನೆ ಬಂದಾಗ್ಲೇ ಯಂಗೆ ಅನುಮಾನ ಬಂದಿತ್ತು. ಆನು ಎಂತದೋ ತಪ್ಪು ಮಾಡಿದ್ದಿ, ಕೇಳವು ಹೇಳಿ ಅಂದ್ಕಂಡಿದ್ದಿ. ನೀನು ಯನ್ನ ಪರವಾಗಿ ಶುರು ಮಾಡ್ದೆ ನೋಡು… ಬಾಯಿ ಬಿಡಲೆ ಜಾಗವೇ ಇಲ್ಲೆ ಆತು."

ಸಿಟ್ಟಿನಿಂದ ಹೇಳಿದ್ದಲ್ಲ. ನಾಚಿಕೆಯಿಂದ ಹೇಳಿದ್ದು. ನನ್ನ ಮಾತನ್ನು ಉಳಿಸಿಕೊಡಲಾಗದೆ ಹೋದ ನಾಚಿಕೆ ಅವರಿಗೆ! ನಾನು ಅವರನ್ನು ಎಷ್ಟು ಎತ್ತರದ ಕಟ್ಟೆಯ ಮೇಲೆ ಕೂರಿಸಿಬಿಟ್ಟಿದ್ದೆನೆಂದರೆ, ಅಲ್ಲಿ ಕುಳಿತವರು ಎಲ್ಲರೂ ಮಾಡುವ ತಪ್ಪನ್ನೂ ಮಾಡುವಂತಿರಲಿಲ್ಲ.

ಗಾಡಿ ಹುಬ್ಬಳ್ಳಿಗೆ ಲಾರಿಯ ಮೇಲೆ ಹೋಯಿತು, ರಿಪೇರಿಯಾಗಿ ಬಂತು. ಅಷ್ಟರಲ್ಲಿ ಸುದ್ದಿಯೂ ಊರಿಗೆ ಬಂದು ತಲುಪಿತ್ತು. 'ಅಕ್ಕೋರು ಗೇರ್ ಬಾಕ್ಸ್ ಸುಟ್ಟರಂತೆ.' ಯಾರೂ ಅವರಿಗೆ ಓಡಿಸಬೇಡಿ ಎನ್ನಲಿಲ್ಲ. ಎಲ್ಲರೂ ಬಹಳ ಪ್ರೀತಿಯಿಂದಲೇ ನಡೆದುಕೊಂಡರು. "ಈ ವಯಸ್ಸಲ್ಲಿ ಎಂತಕ್ಕೆ ಅಕ್ಕಾ ತ್ರಾಸು, ಆರಾಮಾಗಿ ಹಿಂದಿನ ಸೀಟಲ್ಲಿ ಕೂತ್ಗ" ಎಂದು ತಮ್ಮನವರು ಒಬ್ಬ ಡ್ರೈವರನ್ನು ಗೊತ್ತುಮಾಡಿದರು. ಗಾಡಿ ತರಲು ಹೋದವನೂ ಅವನೇ. ಅಕ್ಕೋರು ನೋಡುವಾಗ ಮುಂದಿನ ಸೀಟು ಅವನ ಕಾಲಿನ ಅಳತೆಗೆ ಹಿಂದೆ ಸರಿದಿತ್ತು, ಅವರು ಎತ್ತರಕ್ಕೆಂದು ಇಟ್ಟುಕೊಳ್ಳುತ್ತಿದ್ದ ದಿಂಬು ಡಿಕ್ಕಿಯಲ್ಲಿತ್ತು. ಅವರು ಕೀಲಿ ಕೇಳಲಿಲ್ಲ. ನಾನು ಕೊಡಿಸಲಿಲ್ಲ. ನನ್ನ ಭಾಷಣಗಳಿಂದಲೂ ಅಕ್ಕೋರು ಸದ್ದಿಲ್ಲದೆ ಕಾಣೆಯಾದರು. ಆ ಜಾಗದಲ್ಲಿ ನಾನು ಬೇರೆ ಉದಾಹರಣೆ ಹುಡುಕಿಕೊಂಡೆ.

ಆಮೇಲೆ ಒಮ್ಮೆ ಮಾತ್ರ ಅವರೊಡನೆ ಆ ಗಾಡಿಯಲ್ಲಿ ಹೆಗ್ಗರಣೆಗೆ ಹೋಗಿದ್ದೆ. ಹಿಂದಿನ ಸೀಟಿನಲ್ಲಿ ನಾವಿಬ್ಬರು. ಏರು ಬಂದಾಗಲೆಲ್ಲ ಅಕ್ಕೋರ ಬಲಗಾಲು ಕೆಳಗಿನ ಮ್ಯಾಟನ್ನು ಮೆಲ್ಲಗೆ ಒತ್ತುತ್ತಿತ್ತು. ಒಂದು ದೊಡ್ಡ ಇಳುಕಲು ಬಂತು. ಡ್ರೈವರು ಹಾಡು ಗುನುಗುತ್ತ, ಸಹಜವಾಗಿ, ಸನ್ನೆಕೋಲನ್ನು ನ್ಯೂಟ್ರಲಿಗೆ ತಳ್ಳಿದ.

"ತಮ್ಮಾ, ನ್ಯೂಟ್ರಲ್ ಬೇಡ. ಪ್ಲೇಟು ಸುಡ್ತದೆ," ಎಂದರು ಅಕ್ಕೋರು.

"ಆಯ್ತು ಅಕ್ಕೋರೆ," ಎಂದ ಅವನು, ನಕ್ಕು. ಮುಂದಿನ ಇಳುಕಲಿನಲ್ಲಿ ಮತ್ತೆ ಅದನ್ನೇ ಮಾಡಿದ. ಅಕ್ಕೋರು ಕಿಟಕಿಯ ಗಾಜನ್ನು ಏರಿಸಿ ಕುಳಿತರು. ಅವನ ಕೈಯಿಂದ ಕೀಲಿ ಕಸಿಯಬೇಕೆಂದು ನಮ್ಮಲ್ಲಿ ಯಾರಿಗೂ ಎಂದೂ ತೋಚಲಿಲ್ಲ.

ಅಕ್ಕೋರು ಈಗ ಇಲ್ಲ. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರು ಎಲ್ಲಿಗೂ ಹೆಚ್ಚಾಗಿ ಹೊರಡುತ್ತಿರಲಿಲ್ಲ. ಹೊರಡಬೇಕಾದರೆ ಡ್ರೈವರಿಗೆ ಬಿಡುವಿದೆಯೇ ಎಂದು ಮೊದಲು ಕೇಳಬೇಕಾಗಿತ್ತು, ಕೇಳುವುದು ಅವರಿಗೆ ಆಗದು. ನಾನು ಅವರ ಪರವಾಗಿ ಎಷ್ಟೊಂದು ಮಾತನಾಡಿದ್ದೆ… ಅವರ ಪಕ್ಕದ ಸೀಟಿನಲ್ಲಿ ಕುಳಿತು, "ನಡೀರಿ ಅಕ್ಕೋರೆ, ಸಿದ್ದಾಪುರಕ್ಕೆ ಒಮ್ಮೆ ಹೋಗಿಬರೋಣ, ನೀವೇ ಓಡಿಸಿ" ಎಂದು ಮಾತ್ರ ಹೇಳಲಿಲ್ಲ. ಅದಕ್ಕೆ ಈಗ ಯಾವ ವಾದವೂ ಉಪಯೋಗಕ್ಕೆ ಬಾರದು.

ಆದ್ದರಿಂದ ಇಂದು ನಾನು ವಾದಿಸುವುದಿಲ್ಲ, ಒಂದನ್ನು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಗಾಡಿ ಕೆಟ್ಟರೆ, ಅವರ ತಪ್ಪಿನಿಂದಲೇ ಕೆಟ್ಟರೂ ಸರಿ, ಅದನ್ನು ರಿಪೇರಿ ಮಾಡಿಸಿ. ಗ್ಯಾರೇಜಿನಿಂದ ತರುವ ದಿನ ಅವರನ್ನೇ ಕರೆದುಕೊಂಡು ಹೋಗಿ. ಕೀಲಿಯನ್ನು ಅವರ ಕೈಗೇ ಕೊಡಿಸಿ, ನೀವು ಪಕ್ಕದಲ್ಲಿ ಸುಮ್ಮನೆ ಕುಳಿತು ಮನೆಗೆ ಬನ್ನಿ.